ಶಾಲೆಯ ಏರು, ಹಿಮ್ಮಡಿಯ ಹುರಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿದಾಗ, "ನಿಮ್ಮ ಕಂಪ್ಯೂಟರ್ ವಿಷಯ ಬೇಡ ಮಾರಾಯ್ರೆ, ಊರಿನವರಿಗೆಲ್ಲ ಉಪಯೋಗ ಆಗುವಂಥದ್ದು ಏನಾದರೂ ಹೇಳಿ" ಅಂದರು. ಹಾಗೆ ಯೋಚಿಸಿದಾಗ ಹೊಳೆದದ್ದು ಶಾಲೆಯ ಮುಂದಿನ ಏರು. ಈ ಐವತ್ತು ವರ್ಷಗಳಲ್ಲಿ ಇಲ್ಲಿ ಕಲಿತವರೆಲ್ಲರೂ, ಕಲಿಸಿದವರೆಲ್ಲರೂ ಹತ್ತಿದ ಏರು ಅದು. ಅದು ನಮ್ಮ ಕಾಲಿಗೆ ಏನು ಮಾಡುತ್ತದೆ ಎಂಬುದೇ ನನ್ನ ಇವತ್ತಿನ ವಿಷಯ.

ನಾನು ವೈದ್ಯನಲ್ಲ, ಬಿ.ಇ. ಓದಿದವನು. ಎರಡು ವರ್ಷದ ಹಿಂದೆ ಹಿಮ್ಮಡಿಯ ನೋವಿಗೆಂದು ಮೂರು ತಿಂಗಳು ಫಿಸಿಯೊಥೆರಪಿ ಮಾಡಿಸಿಕೊಂಡೆ. ಆಗ ಹುಟ್ಟಿದ ಕುತೂಹಲದಿಂದ ಓದಿ, ಕೇಳಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಹಗ್ಗ, ಕೀಲು, ಇಳಿಜಾರು, ಭಾರ ಎಲ್ಲ ಸೇರಿದ ವಿಷಯವಾದ್ದರಿಂದ ಎಂಜಿನಿಯರಿಂಗ್ ಓದಿದವನಿಗೂ ಇದರಲ್ಲಿ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ಮೊದಲು ಕಾಲಿನ ರಚನೆ ನೋಡೋಣ. ಮಂಡಿಯ ಹಿಂದಿನಿಂದ ಕೆಳಕ್ಕೆ ಉಬ್ಬಿಕೊಂಡಿರುವುದು ಮೀನಖಂಡ. ಅದರಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಹೊರಗಿನದು ಮಂಡಿಯನ್ನು ದಾಟಿ ತೊಡೆಯ ಮೂಳೆಗೆ ಅಂಟಿಕೊಂಡಿದೆ. ಒಳಗಿನದು ಮಂಡಿಯ ಕೆಳಗೇ ಶುರುವಾಗುತ್ತದೆ. ಎರಡೂ ಇಳಿಯುತ್ತ ಇಳಿಯುತ್ತ ಒಂದೇ ಹಗ್ಗವಾಗಿ ಹಿಮ್ಮಡಿಯ ಮೂಳೆಯನ್ನು ಹಿಡಿದುಕೊಳ್ಳುತ್ತವೆ. ಸುಮಾರು 15 ಸೆಂ.ಮೀ. ಉದ್ದದ ಈ ಹಗ್ಗವೇ ಅಕಿಲಿಸ್ ಸ್ನಾಯುರಜ್ಜು. ನಮ್ಮ ದೇಹದಲ್ಲಿ ಅತಿ ದಪ್ಪನೆಯ, ಅತಿ ಬಲವಾದ ಸ್ನಾಯುರಜ್ಜು ಇದೇ. ಕುಳಿತಲ್ಲೇ ಹಿಮ್ಮಡಿಯ ಮೇಲ್ಭಾಗವನ್ನು ಎರಡು ಬೆರಳಿನಿಂದ ಹಿಡಿದು ನೋಡಿ, ಸಿಗುತ್ತದೆ. ನಮ್ಮ ಕಡೆ "ಹಿಮ್ಮಡಿ ನರ ಹಿಡಿದಿದೆ" ಎನ್ನುತ್ತೇವೆ. ಅದು ನರವಲ್ಲ. ಅದರ ಎಳೆಗಳು ನೇರವಾಗಿ ಇಳಿಯದೆ ಒಂದಿಷ್ಟು ತಿರುಚಿಕೊಂಡು ಇಳಿಯುತ್ತವೆ. ಆದ್ದರಿಂದ ನಾನು ಇದನ್ನು ಹಿಮ್ಮಡಿಯ ಹುರಿ ಎಂದೇ ಕರೆಯುತ್ತೇನೆ.

ಅಕಿಲಿಸ್ ಗ್ರೀಕರ ಪುರಾಣದ ವೀರ. ಸಾವು ಬಾರದಿರಲಿ ಎಂದು ಅವನ ತಾಯಿ ಥೆಟಿಸ್ ಮಗುವನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದಳಂತೆ. ಅವಳು ಹಿಡಿದಿದ್ದ ಹಿಮ್ಮಡಿ ಮಾತ್ರ ನೆನೆಯಲಿಲ್ಲ, ಕೊನೆಗೆ ಅಲ್ಲಿಗೇ ಬಾಣ ತಗುಲಿತು. ನಮ್ಮ ಮಹಾಭಾರತದ ಕೊನೆಯಲ್ಲೂ ಜರನೆಂಬ ಬೇಡನ ಬಾಣ ಕೃಷ್ಣನಿಗೆ ನೆಟ್ಟದ್ದು ಪಾದಕ್ಕೇ. ಕಥೆ ಕೇಳಿದರೆ ಹಿಮ್ಮಡಿ ದುರ್ಬಲ ಜಾಗ ಅನ್ನಿಸುತ್ತದೆ. ವಾಸ್ತವ ಬೇರೆ. ಫಿನ್ಲೆಂಡಿನ ವಿಜ್ಞಾನಿ ಪಾವೊ ಕೋಮಿ ಅವರು ಹುರಿಯ ಸುತ್ತಲೇ ಸಣ್ಣ ಅಳತೆಯ ಸಾಧನ ಕೂರಿಸಿ ಅಳೆದಾಗ, ಓಡುವಾಗ ಅದರ ಮೇಲೆ ದೇಹದ ತೂಕದ 12.5 ಪಟ್ಟಿನವರೆಗೂ ಎಳೆತ ಬಿದ್ದದ್ದು ಕಂಡಿತು. 60 ಕೆ.ಜಿ. ತೂಕದವರಿಗೆ ಲೆಕ್ಕ ಹಾಕಿದರೆ 750 ಕೆ.ಜಿ. ಆಯಿತು! ಅಷ್ಟನ್ನು ತಾಳುವ ಹಗ್ಗವನ್ನು ದುರ್ಬಲ ಎನ್ನಲಾಗದು.

ಇನ್ನು ಕೀಲಿನ ವಿಷಯ. ಕಾಲ್ಗೆಜ್ಜೆ ಕೂರುವ ಜಾಗದ ಕೀಲನ್ನು ಹರಡು ಎನ್ನುತ್ತಾರೆ. ಪಾದವನ್ನು ಮೇಲಕ್ಕೆ, ಅಂದರೆ ಮಂಡಿಯ ಕಡೆಗೆ, ಮಡಚಿದರೆ ಸಾಮಾನ್ಯವಾಗಿ ಅದು 10ರಿಂದ 20 ಡಿಗ್ರಿ ಬಾಗುತ್ತದೆ. ಸಮತಟ್ಟು ನೆಲದಲ್ಲಿ ನಡೆಯಲು ಸುಮಾರು 10 ಡಿಗ್ರಿ ಸಾಕು. ಕುಕ್ಕರಗಾಲಿನಲ್ಲಿ ಕುಳಿತು ಹಸು ಕರೆಯಲು, ಪಾತ್ರೆ ತೊಳೆಯಲು, ಶೌಚಕ್ಕೆ ಕೂರಲು ಅದಕ್ಕಿಂತ ಬಹಳ ಹೆಚ್ಚು ಬೇಕು. ಮೈಭಾರ ಬಿದ್ದಾಗ ಒಳ್ಳೆಯ ಕೀಲು ಅಷ್ಟು ಬಾಗಿ ಕೊಡುತ್ತದೆ. ಬಿಗಿದ ಕೀಲಿನವರು ಕುಕ್ಕರಿಸಿದರೆ ಹಿಮ್ಮಡಿ ಮೇಲೇಳುತ್ತದೆ, ಇಲ್ಲವೇ ಹಿಂದಕ್ಕೆ ಬೀಳುತ್ತಾರೆ.

ಈಗ ಏರಿಗೆ ಬರೋಣ. ನಿನ್ನೆ ಸಂಜೆ ಹತ್ತನೇ ತರಗತಿಯ ಮಕ್ಕಳ ಜೊತೆ, ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪು ಹಿಡಿದು ನಮ್ಮ ಏರನ್ನು ಅಳೆದೆವು. ಕೆಳಗಿನ ಮೋರಿಯಿಂದ ಗೇಟಿನವರೆಗೆ ಅಡ್ಡಲಾಗಿ 160 ಮೀಟರ್, ಅಷ್ಟರಲ್ಲಿ 20 ಮೀಟರ್ ಏರು. ಅಂದರೆ ಎಂಟು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ತ್ರಿಕೋನಮಿತಿ ನೆನಪಿರುವವರಿಗೆ, ಟ್ಯಾನ್ ಥೀಟಾ 0.125, ಕೋನ ಸುಮಾರು 7 ಡಿಗ್ರಿ. ಮಕ್ಕಳು ಇನ್ನೊಂದು ಲೆಕ್ಕವನ್ನೂ ಹಾಕಿದರು. ದಿನಕ್ಕೊಮ್ಮೆ ಹತ್ತಿದರೂ, ವರ್ಷಕ್ಕೆ 220 ಶಾಲಾ ದಿನ ಎಂದು ಹಿಡಿದರೆ, ಎಂಟರಿಂದ ಹತ್ತನೇ ತರಗತಿ ಮುಗಿಯುವಷ್ಟರಲ್ಲಿ 13,200 ಮೀಟರ್ ಏರಿದ ಹಾಗಾಯಿತು. ಎವರೆಸ್ಟಿನ ಎತ್ತರ ಸಮುದ್ರಮಟ್ಟದಿಂದ 8,849 ಮೀಟರ್. ಆದ್ದರಿಂದ ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರೆಲ್ಲ ಒಂದೂವರೆ ಎವರೆಸ್ಟ್ ಹತ್ತಿದವರು. ಪಾಸಾದವರು, ಫೇಲಾದವರು ಎಂಬ ಭೇದ ಇದರಲ್ಲಿಲ್ಲ.

ಬೆಂಗಳೂರಿನ ಜಿಮ್ಮುಗಳಲ್ಲಿ ಈಗ ಇದನ್ನೇ ದುಡ್ಡು ಕೊಟ್ಟು ಮಾಡುತ್ತಾರೆ. ಟ್ರೆಡ್‌ಮಿಲ್ ಯಂತ್ರವನ್ನು ಶೇ. 12ರ ಏರಿಗೆ ಇಟ್ಟು, ಗಂಟೆಗೆ 3 ಮೈಲಿ ವೇಗದಲ್ಲಿ 30 ನಿಮಿಷ ನಡೆಯುವುದು ಕೆಲವು ವರ್ಷಗಳಿಂದ ದೊಡ್ಡ ಫ್ಯಾಷನ್ ಆಗಿದೆ. ನಮ್ಮ ಶಾಲೆಯ ಏರು ಶೇ. 12.5. ಅರ್ಧ ಗಂಟೆಯಲ್ಲಿ ಅವರು ನಡೆಯುವುದು ಸುಮಾರು 2.4 ಕಿ.ಮೀ., ಏರುವುದು 280 ಮೀಟರಿಗೂ ಹೆಚ್ಚು. ನಮ್ಮ ಏರನ್ನು ಬಿಡದೆ ಹದಿನಾಲ್ಕು ಸಲ ಹತ್ತಿದಷ್ಟು. ವ್ಯಾಯಾಮವಾಗಿ ಅದು ಒಳ್ಳೆಯದೇ. ಆದರೆ ಅಲ್ಲಿ ಒಂದು ತಮಾಷೆ ನೋಡುತ್ತೇನೆ. ಸುಸ್ತಾದವರು ಮುಂದಿನ ಹಿಡಿ ಹಿಡಿದು ಹಿಂದಕ್ಕೆ ವಾಲಿ ನಡೆಯುತ್ತಾರೆ. ಮೈ ಹಿಂದಕ್ಕೆ ವಾಲಿದರೆ ಪಾದಕ್ಕೂ ಕಾಲಿಗೂ ನಡುವಿನ ಕೋನ ಸಮತಟ್ಟು ನೆಲದಲ್ಲಿ ಇದ್ದಂತೆಯೇ ಆಗಿಬಿಡುತ್ತದೆ. ಯಂತ್ರ ಶೇ. 12 ಎಂದು ತೋರಿಸುತ್ತಿರುತ್ತದೆ, ಕಾಲಿಗೆ ಏರೇ ಸಿಕ್ಕಿರುವುದಿಲ್ಲ.

ಏರಿನಲ್ಲಿ ಕಾಲಿಗೆ ಆಗುವುದೇನು? ಬೆರಳಿನ ಕಡೆ ನೆಲ ಎತ್ತರ, ಹಿಮ್ಮಡಿಯ ಕಡೆ ತಗ್ಗು. ಮೈ ನೆಟ್ಟಗಿರಬೇಕಾದರೆ ಹರಡು ಹೆಚ್ಚು ಬಾಗಲೇಬೇಕು. 7 ಡಿಗ್ರಿಯೂ ಹರಡಿನ ಪಾಲಿಗೇ ಬರುವುದಿಲ್ಲ, ಮಂಡಿ ಮತ್ತು ಸೊಂಟ ಅಷ್ಟಿಷ್ಟು ಹಂಚಿಕೊಳ್ಳುತ್ತವೆ. ಆದರೂ ಪ್ರತಿ ಹೆಜ್ಜೆಗೆ ಮೀನಖಂಡ ಚೂರು ಹೆಚ್ಚು ಹಿಗ್ಗುತ್ತದೆ, ಹಿಗ್ಗಿದ ಸ್ಥಿತಿಯಲ್ಲೇ ಮೈಭಾರವನ್ನು ಮೇಲಕ್ಕೆ ತಳ್ಳುತ್ತದೆ. ಆ ಬಲವೆಲ್ಲ ಹುರಿಯ ಮೂಲಕವೇ ಹಿಮ್ಮಡಿಗೆ ಹೋಗಬೇಕು. ಸುಮ್ಮನೆ ಗೋಡೆಗೆ ಒರಗಿ ಕಾಲು ಎಳೆದು ನಿಲ್ಲುವುದಕ್ಕೂ ಏರು ಹತ್ತುವುದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಬರೀ ಎಳೆತ, ಇಲ್ಲಿ ಎಳೆತದ ಜೊತೆ ದುಡಿಮೆ. ಇಳಿಯುವಾಗ ಕೆಲಸ ಹೆಚ್ಚಾಗಿ ತೊಡೆಯ ಮುಂಭಾಗಕ್ಕೆ ಹೋಗುತ್ತದೆ. ಬೆಟ್ಟ ಇಳಿದು ಬಂದ ಮೇಲೆ ತೊಡೆ ನಡುಗುವುದು ಅದಕ್ಕೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಮಗೆ ಸಡಿಲ ಬೇಕಾಗಿರುವುದು ಕೀಲಿನಲ್ಲಿ, ಹುರಿಯಲ್ಲಲ್ಲ. ಬಾವಿಯ ಹಗ್ಗ ರಬ್ಬರಿನಂತೆ ಹಿಗ್ಗಿದರೆ ಕೊಡ ಮೇಲೆ ಬರುವುದಿಲ್ಲ. ಹುರಿ ಬಿಗಿಯಾಗಿರಬೇಕು, ಸ್ವಲ್ಪವೇ ಹಿಗ್ಗಿ ಸ್ಪ್ರಿಂಗಿನಂತೆ ವಾಪಸು ಬರಬೇಕು. ಉದ್ದವಾಗಿ, ಬಾಗಿ ಕೊಡುವಂತೆ ಇರಬೇಕಾದದ್ದು ಮೀನಖಂಡ. ನಿಯಮಿತವಾಗಿ ಭಾರ ಹೊತ್ತರೆ ಹುರಿ ಗಟ್ಟಿಯಾಗುತ್ತದೆ, ಬಹಳ ಕಾಲ ಬಾಗಿಸುತ್ತಿದ್ದರೆ ಸ್ನಾಯು ಅದಕ್ಕೆ ಒಗ್ಗುತ್ತದೆ.

ಒಗ್ಗುತ್ತದೆ ಎನ್ನುವುದಕ್ಕೆ ಉದಾಹರಣೆ ಕೊಡುತ್ತೇನೆ. ಉಗಾಂಡಾದ ಟ್ವಾ ಎಂಬ ಕಾಡುವಾಸಿಗಳು ಜೇನಿಗಾಗಿ ಮರ ಹತ್ತುತ್ತಾರೆ. ಮರಕ್ಕೆ ಅಂಗಾಲು ಒತ್ತಿ ನಡೆದಂತೆಯೇ ಹತ್ತುವ ಅವರ ಹರಡು 45 ಡಿಗ್ರಿಗೂ ಹೆಚ್ಚು ಬಾಗುತ್ತದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅವರ ಮೀನಖಂಡವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದಾಗ, ಪಕ್ಕದಲ್ಲೇ ಇರುವ, ಮರ ಹತ್ತದ ಬೇಸಾಯಗಾರರಿಗಿಂತ ಅವರ ಸ್ನಾಯುವಿನ ಎಳೆಗಳು ಉದ್ದ ಇದ್ದವು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದವರು ನಮ್ಮ ಕೊನೆಗಾರರು. ಕಾಲಿಗೆ ತಳೆ ಹಾಕಿ ಅಡಿಕೆ ಮರಕ್ಕೆ ಪಾದ ಒತ್ತಿ ಏರುವ ಅವರ ಹರಡು ಎಷ್ಟು ಬಾಗುತ್ತದೆ ಎಂದು ತೋಟದಲ್ಲಿ ನಿಂತು ನೋಡಿದವರಿಗೆ ಹೇಳಬೇಕಾಗಿಲ್ಲ.

ಇದರ ತಿರುಗಾಮುರುಗಾ ಕೂಡ ನಿಜ. 2010ರ ಇನ್ನೊಂದು ಅಧ್ಯಯನದಲ್ಲಿ, ವರ್ಷಗಟ್ಟಲೆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದ ಹೆಂಗಸರ ಮೀನಖಂಡದ ಎಳೆಗಳು ಸುಮಾರು ಶೇ. 13ರಷ್ಟು ಗಿಡ್ಡವಾಗಿದ್ದವು, ಹರಡಿನ ಬಾಗುವಿಕೆಯೂ ಕಡಿಮೆಯಾಗಿತ್ತು. ಅಂಥ ಚಪ್ಪಲಿಯೆಂದರೆ ಇಡೀ ದಿನ ಇಳಿಜಾರಿನಲ್ಲಿ ಕೆಳಮುಖವಾಗಿ ನಿಂತ ಹಾಗೆ. ಕಾಲು ದಿನವೂ ಹೇಗಿರುತ್ತದೋ ಸ್ನಾಯು ಹಾಗೇ ಒಗ್ಗಿಕೊಳ್ಳುತ್ತದೆ.

ನಿಮ್ಮ ಹರಡು ಹೇಗಿದೆ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಗೋಡೆಯ ಮುಂದೆ ಬರಿಗಾಲಿನಲ್ಲಿ ನಿಂತು, ಹಿಮ್ಮಡಿ ಎತ್ತದೆ, ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿದರೆ ಪಾದವನ್ನು ಚೂರು ಹಿಂದಕ್ಕೆ ತೆಗೆದುಕೊಂಡು ಮತ್ತೆ ಮುಟ್ಟಿಸಿ. ಹೆಬ್ಬೆಟ್ಟಿಗೂ ಗೋಡೆಗೂ ನಡುವೆ 10 ಸೆಂ.ಮೀ., ಅಂದರೆ ಹೆಬ್ಬೆರಳೂ ಸೇರಿದ ಅಂಗೈಯ ಅಗಲದಷ್ಟು ಜಾಗ ಇದ್ದೂ ಮಂಡಿ ಮುಟ್ಟಿದರೆ ಚೆನ್ನಾಗಿದೆ. ಬಹಳ ಕಡಿಮೆ ಬಂದರೆ, ಅಥವಾ ಎಡಕ್ಕೂ ಬಲಕ್ಕೂ ಬಹಳ ವ್ಯತ್ಯಾಸ ಇದ್ದರೆ, ಆ ಕೀಲಿಗೆ ಕೆಲಸ ಬೇಕು.

ನನ್ನ ಹಾಗೆ ಪೇಟೆಯಿಂದ ಬಂದವರಿಗೆ ಈಗ ಒಂದು ಮಾತು. ಮಧ್ಯಾಹ್ನ ಹಳೆಯ ವಿದ್ಯಾರ್ಥಿಗಳ ಕಬಡ್ಡಿ ಪಂದ್ಯ ಇದೆ. ಹಿಮ್ಮಡಿಯ ಹುರಿ ಹರಿಯುವುದು ಹೆಚ್ಚಾಗಿ ಮೂವತ್ತರಿಂದ ಐವತ್ತರ ವಯಸ್ಸಿನ ಗಂಡಸರಿಗೆ. ವಾರವೆಲ್ಲ ಕುಳಿತಿದ್ದು ಒಂದು ದಿನ ಇದ್ದಕ್ಕಿದ್ದಂತೆ ಜಿಗಿದಾಗ, ಓಡಿದಾಗ ಹರಿಯುತ್ತದೆ. ಹರಿದವರು ಬಹುಪಾಲು ಒಂದೇ ಮಾತು ಹೇಳುತ್ತಾರೆ: ಹಿಂದಿನಿಂದ ಯಾರೋ ಒದ್ದ ಹಾಗಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಅಂಥವರನ್ನು ಬೋರಲು ಮಲಗಿಸಿ ಮೀನಖಂಡ ಹಿಂಡಿದರೆ ಪಾದ ಅಲುಗುವುದಿಲ್ಲ. ಹಾಗಾದರೆ ಎಣ್ಣೆ ಹಚ್ಚಿ ಉಜ್ಜಬೇಡಿ, ನಡೆಸಬೇಡಿ, ಅದೇ ದಿನ ಮೂಳೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಆಡುವವರು ಮೊದಲು ಹತ್ತು ನಿಮಿಷ ನಿಧಾನವಾಗಿ ನಡೆದು, ಹಿಮ್ಮಡಿ ಎತ್ತಿ ಇಳಿಸಿ ಕಾಲು ಬಿಸಿ ಮಾಡಿಕೊಳ್ಳಿ.

ಹರಿಯದಿದ್ದರೂ ನೋವು ಬರುವುದುಂಟು. ಅದರಲ್ಲಿ ಎರಡು ಬಗೆ. ಹಿಮ್ಮಡಿಯಿಂದ 2ರಿಂದ 6 ಸೆಂ.ಮೀ. ಮೇಲೆ, ಹುರಿಯ ನಡುಭಾಗದಲ್ಲಿ ಬರುವ ನೋವು ಒಂದು. ಇದಕ್ಕೆ ಸ್ವೀಡನ್ನಿನ ವೈದ್ಯ ಹೋಕನ್ ಆಲ್ಫ್ರೆಡ್ಸನ್ 1998ರಲ್ಲಿ ಒಂದು ಸರಳ ಕ್ರಮ ಪ್ರಕಟಿಸಿದರು. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಊರಿ, ಎರಡೂ ಕಾಲಿನಲ್ಲಿ ಮೇಲೆದ್ದು, ನೋವಿರುವ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಧಾನವಾಗಿ ಹಿಮ್ಮಡಿಯನ್ನು ಕೆಳಗಿಳಿಸುವುದು. ಮಂಡಿ ನೇರವಾಗಿಟ್ಟು ಹದಿನೈದರಂತೆ ಮೂರು ಸಲ, ಮಂಡಿ ಮಡಚಿ ಹದಿನೈದರಂತೆ ಮೂರು ಸಲ. ದಿನಕ್ಕೆರಡು ಹೊತ್ತು, 12 ವಾರ. ಮಂಡಿ ನೇರ ಇದ್ದಾಗ ಹೊರಗಿನ ಸ್ನಾಯುವಿಗೆ, ಮಡಚಿದಾಗ ಒಳಗಿನದಕ್ಕೆ ಹೆಚ್ಚು ಕೆಲಸ. ಅವರು ಮೊದಲು ಪರೀಕ್ಷಿಸಿದ 15 ಜನ ಓಟಗಾರರೂ ಮತ್ತೆ ಓಡಲು ಶುರುಮಾಡಿದರು. ಎರಡನೆಯದು ಹುರಿ ಮೂಳೆಗೆ ಸೇರುವ ಜಾಗದಲ್ಲೇ ಬರುವ ನೋವು. ಇದಕ್ಕೆ ಏರು ಒಳ್ಳೆಯದಲ್ಲ. ಹರಡು ಬಾಗಿದಷ್ಟೂ ಹುರಿ ಹಿಮ್ಮಡಿ ಮೂಳೆಗೆ ಒತ್ತಿಕೊಳ್ಳುತ್ತದೆ, ನೋವು ಹೆಚ್ಚುತ್ತದೆ. ಇಂಥವರು ಕೆಲವು ಕಾಲ ಸಮತಟ್ಟಿನಲ್ಲೇ ನಡೆಯುವುದು, ವ್ಯಾಯಾಮವನ್ನೂ ಸಮನೆಲದ ಮೇಲೇ ಮಾಡುವುದು ವಾಸಿ.

ಹಿರಿಯರಿಗೆ ಎರಡು ಎಚ್ಚರಿಕೆಯ ಮಾತು. ಸಕ್ಕರೆ ಕಾಯಿಲೆ ಇದ್ದವರಲ್ಲಿ ರಕ್ತದ ಸಕ್ಕರೆ ಹುರಿಯ ಎಳೆಗಳಿಗೂ ಅಂಟಿಕೊಂಡು ಅವುಗಳನ್ನು ಪೆಡಸು ಮಾಡುತ್ತದೆ. ಹರಡು ಬಾಗದಿದ್ದರೆ ನಡೆಯುವಾಗ ಭಾರವೆಲ್ಲ ಪಾದದ ಮುಂಭಾಗಕ್ಕೆ ಬೀಳುತ್ತದೆ, ಸ್ಪರ್ಶ ತಿಳಿಯದ ಪಾದದಲ್ಲಿ ಅಲ್ಲಿಯೇ ಹುಣ್ಣಾಗುತ್ತದೆ. ಆದ್ದರಿಂದ ಸಕ್ಕರೆ ಇರುವವರು ಕೀಲನ್ನು ಬಿಗಿಯಲು ಬಿಡಬಾರದು, ಹಾಗೆಂದು ಬರಿಗಾಲಿನಲ್ಲಿ ಏರು ಹತ್ತಲೂಬಾರದು. ಮೆತ್ತನೆಯ ಚಪ್ಪಲಿ ಹಾಕಿ, ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಎರಡನೆಯದು, ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಮುಂತಾದ ಆ್ಯಂಟಿಬಯೋಟಿಕ್ ಮಾತ್ರೆಗಳಿಂದ ಕೆಲವರಿಗೆ ಈ ಹುರಿ ಊದಿ ಹರಿಯುವ ಅಪಾಯ ಇದೆ. ಅರವತ್ತು ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇದರ ಬಗ್ಗೆ ಗಂಭೀರ ಎಚ್ಚರಿಕೆ ಹಾಕಿಸಿದೆ. ಈ ಮಾತ್ರೆ ತೆಗೆದುಕೊಳ್ಳುವಾಗ ಹಿಮ್ಮಡಿಯಲ್ಲಿ ನೋವು ಕಂಡರೆ ಕಾಲಿಗೆ ವಿಶ್ರಾಂತಿ ಕೊಟ್ಟು ತಕ್ಷಣ ವೈದ್ಯರಿಗೆ ಹೇಳಿ. ಅಂಗಡಿಯಿಂದ ನೀವೇ ಕೇಳಿ ತರುವ ಮಾತ್ರೆ ಅದಾಗದಿರಲಿ.

ಏರು ಹತ್ತುವುದನ್ನು ಹೊಸದಾಗಿ ಶುರುಮಾಡುವವರು ಇಷ್ಟು ನೆನಪಿಡಿ. ಎರಡು ಮೂರು ವಾರಗಳಲ್ಲಿ ಉಸಿರು ಸುಧಾರಿಸುತ್ತದೆ, ಸ್ನಾಯುವೂ ಕೈಹಿಡಿಯುತ್ತದೆ. ಹುರಿಗೆ ರಕ್ತದ ಪೂರೈಕೆ ಕಡಿಮೆ, ಅದಕ್ಕೆ ತಿಂಗಳುಗಳು ಬೇಕು. ಉಸಿರು ಹೇಳಿದ ಹಾಗೆ ಹೋಗಬೇಡಿ, ಹುರಿ ಹೇಳಿದ ಹಾಗೆ ಹೋಗಿ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಯೇ ಅದರ ಭಾಷೆ. ಹಿಮ್ಮಡಿ ಹಿಡಿದುಕೊಂಡಿದ್ದರೆ ಹಿಂದಿನ ದಿನದ ನಡಿಗೆ ಹೆಚ್ಚಾಯಿತು ಎಂದರ್ಥ.

ಕೊನೆಯದಾಗಿ, ಈ ಶಾಲೆಗೆ ನೇರವಾಗಿ ಸಂಬಂಧಿಸಿದ ಮಾತು. 1950ರ ದಶಕದಲ್ಲಿ, 60ರ ದಶಕದ ಆರಂಭದಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್ 14ರ ಪ್ರಮಾಣ ಏರಿ, 1963ರ ನಂತರ ವರ್ಷ ವರ್ಷಕ್ಕೂ ಇಳಿಯುತ್ತ ಬಂತು. ಅದು ಗಿಡಮರಕ್ಕೆ, ಆಹಾರಕ್ಕೆ, ನಮ್ಮ ಮೈಗೂ ಸೇರಿತು. ಆದ್ದರಿಂದ ಮೈಯ ಒಂದು ಭಾಗ ಯಾವ ಕಾಲದಲ್ಲಿ ಕಟ್ಟಿದ್ದು ಎಂದು ಅದರಲ್ಲಿರುವ ಕಾರ್ಬನ್ನಿನಿಂದ ಹೇಳಬಹುದು. 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಹೀಗೆ ಹಿಮ್ಮಡಿಯ ಹುರಿಯನ್ನು ಪರೀಕ್ಷಿಸಿದರು. ಸ್ನಾಯುಗಳು ಆಗಾಗ ಹೊಸದಾಗುತ್ತಲೇ ಇದ್ದವು. ಹುರಿಯ ತಿರುಳು ಮಾತ್ರ ಆ ವ್ಯಕ್ತಿಗೆ ಸುಮಾರು ಹದಿನೇಳು ವರ್ಷ ಆಗುವಷ್ಟರಲ್ಲಿ ಕಟ್ಟಿದ್ದೇ ಆಗಿತ್ತು. ಆಮೇಲೆ ಅದು ಹೆಚ್ಚುಕಡಿಮೆ ಬದಲಾಗಿರಲೇ ಇಲ್ಲ.

ಇದರ ಅರ್ಥ ಏನೆಂದು ಯೋಚಿಸಿ. ಇಲ್ಲಿ ಕುಳಿತಿರುವ ಅರವತ್ತು ದಾಟಿದ ಹಿರಿಯರ ಚರ್ಮ, ರಕ್ತ, ಸ್ನಾಯು ಎಲ್ಲ ಎಷ್ಟೋ ಸಲ ಹೊಸದಾಗಿವೆ. ಹಿಮ್ಮಡಿಯ ಹುರಿಯ ತಿರುಳು ಮಾತ್ರ ಅವರು ಪುಸ್ತಕದ ಚೀಲ ಹೊತ್ತು ಈ ಏರು ಹತ್ತುತ್ತಿದ್ದಾಗ ಕಟ್ಟಿದ್ದು. ಬೆಂಗಳೂರಿಗೆ ಹೋಗಲಿ, ದುಬೈಗೆ ಹೋಗಲಿ, ಅದನ್ನೇ ಕಾಲಲ್ಲಿ ಕಟ್ಟಿಕೊಂಡು ಹೋಗಿದ್ದಾರೆ. ಈಗ ಎಂಟು, ಒಂಬತ್ತು, ಹತ್ತನೇ ತರಗತಿಯಲ್ಲಿರುವ ಮಕ್ಕಳ ಹುರಿ ಈ ಮೂರು ವರ್ಷಗಳಲ್ಲಿ ಕಟ್ಟುತ್ತಿದೆ.

ಶಾಲೆಯ ಹಿಂಭಾಗದಿಂದ ಗೇಟಿನವರೆಗೆ ವಾಹನದ ರಸ್ತೆ ತರುವ, ಆಮೇಲೆ ಮುಂದಿನ ಕಾಲುದಾರಿಯನ್ನು ಮುಚ್ಚಿ ಕಾಂಪೌಂಡ್ ಕಟ್ಟುವ ಮಾತು ಎಸ್‌ಡಿಎಂಸಿಯಲ್ಲಿ ನಡೆಯುತ್ತಿದೆ ಎಂದು ಕೇಳಿದೆ. ರಸ್ತೆ ಖಂಡಿತ ಬರಲಿ. ಗಾಲಿಕುರ್ಚಿಯ ಇಳಿಜಾರು ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದು ಎಂಬುದು ನಿಯಮ. ನಮ್ಮದು ಎಂಟಕ್ಕೆ ಒಂದು. ಕಾಲಿಗೆ ಆಗದ ಮಗು, ಮಂಡಿ ನೋವಿನ ಶಿಕ್ಷಕರು, ಮೊಮ್ಮಗಳ ಫಲಿತಾಂಶ ಕೇಳಲು ಬರುವ ಅಜ್ಜಿ ಈ ಏರಿನ ಬುಡದಲ್ಲೇ ನಿಂತು ಹಿಂದೆ ಹೋಗುವಂತೆ ಆಗಬಾರದು. ಅವರ ಪಾಲಿನ ದಾರಿ ಈ ಐವತ್ತು ವರ್ಷವೂ ಇರಲಿಲ್ಲ, ಅದು ಮೊದಲು ಆಗಬೇಕು. ಆದರೆ ಅದಕ್ಕಾಗಿ ಕಾಲುದಾರಿ ಮುಚ್ಚಬೇಡಿ. ಮಳೆಗಾಲದಲ್ಲಿ ಜಾರದ ಹಾಗೆ ಒರಟು ಕಲ್ಲು ಹಾಸಿ, ಒಂದು ಕಡೆ ಹಿಡಿಗಂಬಿ ಹಾಕಿ, ಚರಂಡಿ ಸರಿ ಮಾಡಿ ಉಳಿಸಿ. ಅದರ ಖರ್ಚಿಗೆ ನಮ್ಮ ಬ್ಯಾಚಿನವರು ಸೇರಿ ಕೈಲಾದದ್ದು ಕೊಡುತ್ತೇವೆ. ಮಾತಾಡಿಕೊಂಡೇ ಬಂದಿದ್ದೇವೆ.

ನಡೆಯಲು ಆಗುವವರಿಗೆ ನಡೆಯುವ ದಾರಿ, ಆಗದವರಿಗೆ ಗಾಲಿಯ ದಾರಿ, ಎರಡೂ ಇರುವ ಶಾಲೆ ನಮ್ಮದಾಗಲಿ.